ಅವ್ವನ ಬಗ್ಗೆ ಬರೆದ ಪ್ಯಾರಾ

ಅಕ್ಕನ ಖಾರಪುಡಿಗಾಗಿ ನಾನು ಮಾಡಿಕೊಟ್ಟ ವೆಬ್‌ಸೈಟಿನ ಮೊದಲ ಪುಟದಲ್ಲಿ ನಮ್ಮವ್ವ ಇದ್ದಳು. ಹಾಗೆಂದು ಆಗ ನಾನು ನಂಬಿದ್ದೆ.

ಅಕ್ಕ ಬ್ಯಾಡಗಿಯ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಹುರಿದು, ಪುಡಿ ಮಾಡಿಸಿ ಮಾರುತ್ತಿದ್ದಳು. ನಾನು ಹಾವೇರಿಯಲ್ಲಿ ಅಂಗಡಿಕಾರರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ ಬಂದವನಿಗೆ ದಕ್ಕಿದ ಕೆಲಸ ಇದು. ಅಕ್ಕನ ಪುಟಕ್ಕೆ ದರ, ತೂಕದ ಜೊತೆ ಇನ್ನೇನಾದರೂ ಬೇಕೆನಿಸಿ ಒಂದು ಪ್ಯಾರಾ ಬರೆದೆ. ಅದರಲ್ಲಿ, ನಮ್ಮೂರು ಮೋಟೆಬೆನ್ನೂರಿನ ಮನೆಯಂಗಳದಲ್ಲಿ ಅವ್ವ ಮೂಗು ಬಾಯಿಗೆ ಸೆರಗು ಬಿಗಿದುಕೊಂಡು ಕಾಯಿ ಬಿಡಿಸುತ್ತಿದ್ದಳು. ಸಂಜೆ ಉರಿಯುವ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದುತ್ತಿದ್ದಳು. ಅಳುತ್ತ ಹೋದ ನನ್ನನ್ನು ಅಂಗೈ ತಾಗದಂತೆ ಮೊಣಕೈಯಿಂದ ಬಳಸಿ ಹತ್ತಿರ ಎಳೆದುಕೊಳ್ಳುತ್ತಿದ್ದಳು.

ಅದನ್ನು ಓದಿದವರು ಅಕ್ಕನಿಗೆ ಫೋನ್ ಮಾಡತೊಡಗಿದರು. ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯ ಹೆಂಗಸೊಬ್ಬಳು, "ಮೊಣಕೈ ಅವ್ವನ ಮನಿ ಖಾರ ಅಂದ್ರ ನಿಮ್ದ ಏನ್ರಿ?" ಎಂದು ಕೇಳಿದ್ದನ್ನು ಅಕ್ಕ ಕಂಡಕಂಡವರಿಗೆ ಹೇಳಿ ನಗುತ್ತಿದ್ದಳು. ಶೆಡ್ಡಿನಲ್ಲಿ ಕೂರುವ ಹೆಂಗಸರು ಹೆಚ್ಚಾದರು.

ಆಗ ರಾಣೆಬೆನ್ನೂರಿನಿಂದ ಅಣ್ಣ ಫೋನ್ ಮಾಡಿದ. ಅವನು ನಮ್ಮ ದೊಡ್ಡಪ್ಪನ ಮಗ, ಅದೇ ಅಂಗಳದಲ್ಲಿ ಬೆಳೆದವನು. ಅವನದು ಮಸಾಲೆ ಅಂಗಡಿ. ವೆಬ್‌ಸೈಟೂ ಅಕ್ಕನದಕ್ಕಿಂತ ಹಳೆಯದು.

"ತಮ್ಮಾ, ನಿಮ್ಮ ಪುಟದಾಗ ನಮ್ಮ ಲಿಂಕ್ ಹಾಕು, ನಮ್ಮದ್ರಾಗ ನಿಮ್ಮದು ಹಾಕ್ತೇನಿ. ಸರ್ಚ್‌ನ್ಯಾಗ ಇಬ್ರೂ ಮ್ಯಾಲೆ ಬರೋಣು."

ಹೀಗೆ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿಕೊಳ್ಳುವ ಸೈಟುಗಳನ್ನು ಸರ್ಚ್ ಇಂಜಿನ್ ಅಷ್ಟಾಗಿ ನಂಬುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅವಳು ಒಪ್ಪಲಿಲ್ಲ.

"ಅವ್ವ, ದೊಡ್ಡವ್ವ ಮುಯ್ಯಾಳು ಹೋಗತಿದ್ದಿಲ್ಲೇನು? ಇವತ್ತ ಆಕಿ ನಮ್ಮ ಹೊಲಕ್ಕ, ನಾಳೆ ಈಕಿ ಅವರ ಹೊಲಕ್ಕ. ಇದೂ ಹಂಗ. ಅಣ್ಣ ಬಾಯಿಬಿಟ್ಟು ಕೇಳಿದ ಮ್ಯಾಲೆ ಇಲ್ಲ ಅನ್ನಾಕ ಬರಂಗಿಲ್ಲ."

ಲಿಂಕ್ ಹಾಕಿದೆ. ಅಣ್ಣನೂ ಹಾಕಿದ. ಅದರ ಜೊತೆಗೆ ನಾನು ಬರೆದ ಪ್ಯಾರಾವನ್ನೂ ಒಂದಕ್ಷರ ಬದಲಿಸದೆ ತನ್ನ ಪುಟದಲ್ಲಿ ಅಂಟಿಸಿದ.

ಒಂದೇ ಬರಹ ಎರಡು ಕಡೆ ಕಂಡರೆ ಸರ್ಚ್ ಇಂಜಿನ್ ಯಾರನ್ನೂ ಕರೆದು ವಿಚಾರಿಸುವುದಿಲ್ಲ. ಒಂದನ್ನು ಮೂಲವೆಂದು ಇಟ್ಟುಕೊಂಡು ಇನ್ನೊಂದನ್ನು ಹಿಂದಕ್ಕೆ ಸರಿಸುತ್ತದೆ. ಅದರ ಕಣ್ಣಿಗೆ ಅಣ್ಣನ ಹಳೆಯ ಸೈಟೇ ಮೂಲವಾಯಿತು. ಅಕ್ಕನ ಪುಟ ಯಾರೂ ಇಳಿದು ನೋಡದಷ್ಟು ಕೆಳಗೆ ಹೋಯಿತು. ಫೋನುಗಳು ನಿಂತವು.

ಅಣ್ಣನಿಗೆ ಫೋನ್ ಮಾಡಿ ಪ್ಯಾರಾ ತೆಗೆಯಲು ಹೇಳಿದೆ. "ಅದು ನಮ್ಮವ್ವನ ಸುದ್ದಿ" ಎಂದೆ.

ಅವನು ಜೋರಾಗಿ ನಕ್ಕ. "ಹುಚ್ಚ ಅದೀಯೇನೋ? ಮೊಣಕೈಲೆ ಜಗ್ಗತಿದ್ದಾಕಿ ನಮ್ಮವ್ವ. ಕಾಯಿ ಬಿಡಸೋ ಮುಂದ ಹತ್ರ ಹೋದ್ರ ನಿಮ್ಮವ್ವ ಬೈದು ಓಡಸ್ತಿದ್ಲು, ನೀ ಅಳಕೋಂತ ನಮ್ಮವ್ವನ ಕಡೆ ಬರತಿದ್ದಿ. ಭಾಳ ಸಾಲಿ ಕಲ್ತು ಅವ್ವನ ಗುರ್ತ ಮರತಿ ನೋಡು."

ಸಿಟ್ಟಿನಿಂದ ಫೋನ್ ಇಟ್ಟೆ. ಆದರೆ ಸಿಟ್ಟು ಉಳಿಯಲಿಲ್ಲ. ಅಂಗಳದಲ್ಲಿ ಇಬ್ಬರೂ ಕೂರುತ್ತಿದ್ದರು, ಇಬ್ಬರೂ ಕಣ್ಣಷ್ಟೇ ಕಾಣುವಂತೆ ಸೆರಗು ಬಿಗಿಯುತ್ತಿದ್ದರು, ಇಬ್ಬರ ಕೈಯಲ್ಲೂ ಹಸಿರು ಬಳೆ. ನನ್ನ ನೆನಪಿನಲ್ಲಿ ಘಾಟು ಇದೆ, ಮೊಣಕೈ ಇದೆ, ಮುಖ ಇಲ್ಲ. ಕೇಳೋಣವೆಂದರೆ ಇಬ್ಬರೂ ತೀರಿಕೊಂಡಿದ್ದಾರೆ.

"ಅವನ ಜೋಡಿ ಜಗಳ ಬ್ಯಾಡ. ನೀನ ಬ್ಯಾರೆ ಬರಿ" ಎಂದಳು ಅಕ್ಕ, ಅಣ್ಣ ಅಂದದ್ದನ್ನೆಲ್ಲ ಕೇಳಿ. ಬರೆಯಲು ಕೂತೆ. ಅಂಗಳವನ್ನು ಪಡಸಾಲೆ ಮಾಡಿದೆ. ಮಜ್ಜಿಗೆಯ ಬದಲು ಕೊಬ್ಬರಿ ಎಣ್ಣೆ ಎಂದೆ. ಸರ್ಚ್ ಇಂಜಿನ್ನಿಗೆ ಬೇರೆಯಾಗಿ ಕಂಡರೆ ಸಾಕಿತ್ತು. ಆದರೆ ಕೆಲವೇ ದಿನಗಳಲ್ಲಿ ಅವ್ವನನ್ನು ನೆನೆದಾಗಲೆಲ್ಲ ಕೊಬ್ಬರಿ ಎಣ್ಣೆಯ ವಾಸನೆ ಬರತೊಡಗಿತು. ಹೆದರಿಕೆಯಾಗಿ ಬ್ಯಾಡಗಿಯ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಮೂವರೇ ಇದ್ದರು, ಮೂವರೂ ಮುಖಕ್ಕೆ ಸೆರಗು ಕಟ್ಟಿಕೊಂಡವರು. ಒಬ್ಬಳು ಮೊಣಕೈಯಿಂದ ಮಣೆಯನ್ನು ನನ್ನತ್ತ ನೂಕಿ "ಕುಂದ್ರು" ಎಂದಾಗಲೇ ಅವಳು ಅಕ್ಕ ಎಂದು ತಿಳಿದದ್ದು.

"ಅಕ್ಕಾ, ಅವ್ವ ಕೈಗೆ ಮಜ್ಜಿಗಿ ಹಚ್ಚಕೊಂತಿದ್ಲೋ, ಎಣ್ಣಿನೋ?"

"ಮಜ್ಜಿಗಿ."

"ಖರೇನ ನೋಡೀದೇನು?"

ಅವಳ ಕೈ ನಿಂತಿತು. "ನೀನ ಬರದೀಯಲ್ಲೋ. ಫೋನ್ ಮಾಡಿದವರಿಗೆಲ್ಲ ಅದನ್ನ ಹೇಳೀನಿ. ಅದಕ್ಕಿಂತ ಮೊದಲ ನನಗೇನ ನೆನಪಿತ್ತು ಅನ್ನೂದ ಈಗ ತಿಳೀವಲ್ದು."

"ಏನ ಹಚ್ಚಿದ್ರೂ ಉರಿ ಹೋಗಂಗಿಲ್ಲ ಬಿಡ್ರಿ ಅಕ್ಕಾರ" ಎಂದು ಪಕ್ಕದವಳು ನಕ್ಕಳು. ಅಕ್ಕ ನಗಲಿಲ್ಲ.

"ಹೊಸಾದು ಬರೀಬ್ಯಾಡ" ಎಂದಳು. "ಪುಡಿ ಅಣ್ಣಗ ಕೊಡ್ತೇನಿ. ಅವನ ಪಾಕೀಟಿನ್ಯಾಗ ಮಾರ್ಲಿ."

"ಮತ್ತ ನಿನ್ನ ಹೆಸರು?"

"ಹುಡುಕಿದ್ರ ಎಲ್ಲಿ ಸಿಗತೈತಿ ಈಗ ನನ್ನ ಹೆಸರು? ಅವನ ಪುಟದಾಗಾದ್ರ ಅವ್ವ ಅದಾಳ." ಕಾಯಿಯೊಂದನ್ನು ಎತ್ತಿಕೊಂಡು ತೊಟ್ಟು ಮುರಿದಳು. "ಅವ್ವನೋ, ದೊಡ್ಡವ್ವನೋ."

ಹಾವೇರಿಗೆ ಮರಳಿ ಅಕ್ಕನ ಪುಟ ತೆಗೆದುಹಾಕಿದೆ. ಅವಳ ಪುಡಿ ಈಗ ಅಣ್ಣನ ಹೆಸರಿನಲ್ಲಿ ಹೋಗುತ್ತದೆ. ಅವನ ಪುಟದ ಕೆಳಗೆ ಅಕ್ಕನ ಲಿಂಕ್ ಇನ್ನೂ ಇದೆ. ತೆಗೆದುಬಿಡು ಎಂದರೆ, "ಇರ್ಲಿ ಬಿಡೋ, ಕೊಟ್ಟ ಮಾತು" ಎನ್ನುತ್ತಾನೆ. ಪ್ಯಾರಾ ಓದಿ, ಕೆಳಗಿಳಿದು, ಕೆಲವೊಮ್ಮೆ ಅದನ್ನು ಒತ್ತುತ್ತೇನೆ. ಈ ಪುಟ ಸಿಗುತ್ತಿಲ್ಲ ಎಂದು ಬರುತ್ತದೆ.