ತನ್ನದೇ ಹೊಲಿಗೆ

ನಮ್ಮ ಬೀದಿಯ ದರ್ಜಿಯಮ್ಮನನ್ನು ಮೊದಲು ಕಂಡ ದಿನ, ಆಕೆ ಗಿರಾಕಿಯೊಬ್ಬನ ಹರಿದ ಕೋಟನ್ನು ಸವರಿ, "ಇದನ್ನ ಎಳೆದು ಹರಿದಿದ್ದು ನಿಮ್ಮ ಮನೆಯವರೇ ಅಲ್ವಾ, ಅಣ್ಣಾ?" ಎಂದು ನಗುತ್ತಿದ್ದಳು. ಬಟ್ಟೆ ಮುಟ್ಟಿದರೆ ಸಾಕು, ಅದನ್ನು ಹಿಡಿದಿದ್ದ ಕೈ ಆಕೆಯ ಕಣ್ಣಿಗೆ ಕಟ್ಟುತ್ತಿತ್ತು. ಪೊಲೀಸರು ಇಬ್ಬರು ಕೊಲೆಗಾರರನ್ನು ಹಿಡಿದದ್ದು ಹಾಗೆಯೇ. ಊರಿಗೆಲ್ಲ ಆಕೆ ಕೈಗುಣದಕ್ಕ.

ಕಳೆದ ವರ್ಷ ಆಕೆಯ ತಮ್ಮನನ್ನೇ ಯಾರೋ ಇರಿದು ಕೊಂದರು. ಇನ್‌ಸ್ಪೆಕ್ಟರು ರಕ್ತ ಒಣಗಿದ ಅವನ ಅಂಗಿಯನ್ನು ತಂದಿಟ್ಟರು. ಅಕ್ಕ ಅದನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದಳು.

"ಯಾರ ಕೈಯಮ್ಮಾ?"

"ನಂದೇ, ಸಾರ್."

"ತಮಾಷೆ ಮಾಡ್ಬೇಡಿ. ಊರವರದ್ದೆಲ್ಲ ಕಾಣುತ್ತೆ, ಮನೆಯದ್ದು ಕಾಣಲ್ವಾ?"

"ಇದನ್ನ ಹೊಲಿದವಳು ನಾನೇ, ಸಾರ್! ಪೂರ್ತಿ ನನ್ನ ಕೈಯೇ ತುಂಬ್ಕೊಂಡಿದೆ. ಆ ಪಾಪಿ ಕೈ ಎಲ್ಲಿ ಕಾಣ್ಬೇಕು?"

ಬೇರೆ ಸಾಕ್ಷಿಯಿಲ್ಲದೆ ಪೊಲೀಸರು ಕೈಚೆಲ್ಲಿದರು. ಅಕ್ಕ ಕಾಡಿ ಬೇಡಿ ಅಂಗಿಯನ್ನು ಮನೆಗೆ ತಂದಳು. ಈಗ ಆಕೆ ಯಾರ ಬಟ್ಟೆಯನ್ನೂ ಹೊಲಿಯುವುದಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ತಾನು ಹಾಕಿದ ಹೊಲಿಗೆಯನ್ನೇ ಒಂದೊಂದಾಗಿ ಬಿಚ್ಚುತ್ತಾಳೆ. ದಾರ ಕಿತ್ತಾಗಲೆಲ್ಲ ಬಟ್ಟೆಯನ್ನು ಸವರಿ ನೋಡುತ್ತಾಳೆ. ತೋಳು, ಜೇಬು ಬೇರೆಯಾಗಿವೆ. ಕಾಣುವುದು ಇನ್ನೂ ಅವಳದೇ ಕೈ. ಉಳಿದಿರುವುದು ಕಾಲರು ಮಾತ್ರ.