ತಿರುಗಿ ಬಾರದ ಮೂರು ಸಾಲು

ಜಮಖಂಡಿಯ ಆ ಕವಿಗೋಷ್ಠಿಗೆ ಕಾಕಾನ ಹೆಸರು ಕೊಟ್ಟವನು ನಾನೇ. ಅಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ನಮ್ಮ ಊರನ್ನು ನುಂಗಿದ ವರ್ಷ ಅವನು ಊರಿನ ಮೇಲೆ ಒಂದು ಡೊಳ್ಳಿನ ಪದ ಕಟ್ಟಿದ್ದ. ಅವನ ಹಿಂದೆ ಹಾಡುವ ಮೇಳದವರು ಮೂವರು. ಒಬ್ಬ ಮುಧೋಳಕ್ಕೆ ಹೋದ, ಇಬ್ಬರು ಬನಹಟ್ಟಿಯ ಮಗ್ಗ ಸೇರಿದರು. ಪದ ಪೂರ್ತಿ ಇದ್ದದ್ದು ಕಾಕಾನ ಬಾಯಲ್ಲಿ ಮಾತ್ರ. ಗೋಷ್ಠಿಯ ಕವಿತೆಗಳನ್ನು ಪುಸ್ತಕ ಮಾಡುತ್ತಾರೆ ಎಂದಾಗ, ತಾನು ಸತ್ತರೂ ಪದ ಉಳಿದೀತು ಎಂದು ತಲೆಗೆ ಒಗೆದ ಪಟಗಾ ಸುತ್ತಿಕೊಂಡು ಬಂದ.

“ಹಾಡಬ್ಯಾಡ್ರಿ, ಓದ್ರಿ,” ಎಂದರು ಅಧ್ಯಕ್ಷರು.

“ಓದಾಕ ಬರೂದಿಲ್ರಿ. ಹೇಳತೇನಿ.”

ಮೊದಲ ಸಾಲು ಹೇಳಿದ: “ಹೊಳಿ ಬಂದು ಹೊಸ್ತಿಲಕ ಕುಂತಾಳ, ಒಳಗ ಬಾ ಅನ್ನಲೇನ, ಹೋಗ ಅನ್ನಲೇನ.”

ಹೇಳಿ ಸುಮ್ಮನೆ ನಿಂತ. ಮುಂದೆ ನಿಂತವನು ಹಾಕಿದ ಸಾಲನ್ನು ಹಿಂದಿನ ಮೇಳದವರು ತಿರುಗಿ ಅನ್ನಬೇಕು. ಆಮೇಲೆಯೇ ಮುಂದಿನ ಸಾಲು. ಡೊಳ್ಳಿನ ಪದದ ಕ್ರಮವೇ ಅದು. ಸಭೆಯಲ್ಲಿ ಅರ್ಧ ಜನ ಬೀರದೇವರ ಒಕ್ಕಲು, ಆ ಕ್ರಮವನ್ನು ಕೇಳುತ್ತಲೇ ಬೆಳೆದವರು. ಒಬ್ಬರೂ ಅನ್ನಲಿಲ್ಲ. ಎರಡನೆಯ ಸಾಲನ್ನು ಕಾಕಾ ಬಹಳ ಹೊತ್ತು ಕಾದು ಹೇಳಿದ. ಮೂರನೆಯದನ್ನು ಹೇಳಿ ಮತ್ತೆ ಕಾದ.

“ಕಾಕಾ, ಉಳಿದದ್ದು ಬಸ್ಸಿನ್ಯಾಗ ಬಿಟ್ಟ ಬಂದೀಯೇನ?” ಎಂದು ಯಾರೋ ಕೂಗಿದರು. ನಕ್ಕರು.

“ಕುಂದರ್ರಿ ಅಜ್ಜಾರ,” ಎಂದರು ಅಧ್ಯಕ್ಷರು. “ಪದ ಬ್ಯಾರೆ, ಕವಿತಾ ಬ್ಯಾರೆ. ಕವಿತಾಕ ಹಿಂದ ಮ್ಯಾಳ ಬೇಕಾಗೂದಿಲ್ಲ.”

ಸ್ವಲ್ಪ ಹೊತ್ತಿಗೆ ಮುಂಚೆ ನಾನು ಓದಿದ ಕವಿತೆಯಲ್ಲಿ ಸಾಲು ಸಾಲಿಗೂ ನಿಂತಿದ್ದೆ. ಆ ತೆರಪನ್ನು ಇದೇ ಅಧ್ಯಕ್ಷರು ‘ಅರ್ಥಪೂರ್ಣ ಮೌನ’ ಎಂದು ಹೊಗಳಿದ್ದರು. ನನ್ನ ತೆರಪಿನಲ್ಲಿ ಏನೂ ಇರಲಿಲ್ಲ. ಕಾಕಾನ ತೆರಪು ಮೂರು ಜನರ ದನಿ ಕೂಡ್ರುವ ಜಾಗ. ಅದಕ್ಕೆ ನಕ್ಕರು. ನಾನು ವೇದಿಕೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದೆ, ನನ್ನನ್ನೂ ಕವಿಯಲ್ಲ, ಪದದವನು ಎಂದಾರು ಎಂಬ ಅಂಜಿಕೆಯಿಂದ.

ಬಸ್ ನಿಲ್ದಾಣದಲ್ಲಿ ಕಾಕಾ ಒಂದೇ ಮಾತು ಆಡಿದ: “ನೀನರ ಅನಬೇಕಿತ್ತಲ್ಲಲೇ.”

ಪುಸ್ತಕ ಬಂತು. ನನ್ನ ಕವಿತೆಗೆ ಎರಡು ಪುಟ. ಕಾಕಾನವು ಮೂರು ಸಾಲು, ಕೆಳಗೆ ‘ಅಪೂರ್ಣ’ ಎಂಬ ಅಚ್ಚು. ಆ ಶಬ್ದ ಇವತ್ತಿಗೂ ನನ್ನ ಮೈ ಉರಿಸುತ್ತದೆ. ಅಪೂರ್ಣವಾಗಿದ್ದದ್ದು ಆ ಸಭೆ.

ನಾನು ಕಾಕಾನ ಮನೆಗೆ ಹೋಗಿ ನಾಲ್ಕನೆಯ ಸಾಲು ಕೇಳಿದೆ, ಬರೆದುಕೊಳ್ಳಲು ಪೆನ್ನು ತೆಗೆದು.

“ಮೊದಲ ಮೂರು ತಿರುಗಿ ಬಂದಿಲ್ಲಲಾ,” ಎಂದ.

ನಾನು ಮೊದಲನೆಯ ಸಾಲನ್ನು ತಿರುಗಿ ಅಂದೆ. ಅವನು ಕೇಳಿ ಇಲ್ಲವೆಂದು ತಲೆ ಆಡಿಸಿದ.

“ಒಬ್ಬಾವ ಅಂದ್ರ ಮ್ಯಾಳ ಆಗತೈತೇನ? ಪೆನ್ನ ಕಿಸೇದಾಗ ಇಡು. ಬನಹಟ್ಟಿಗಿ ಹೋಗಿ ಆ ಇಬ್ಬರನ್ನ ಕರಕೊಂಡ ಬಾ.”