ಹೊಳೆಯಾಚೆ ಕಳಿಸಿದ ಲೊಕೇಶನ್

ಹಾಲಪ್ಪನವರೇ, ಸಹನಾಳ ಮದುವೆಯ ದಿನ ಫೋನಿನ ಮ್ಯಾಪು ನಿಮಗೆ ಮೋಸ ಮಾಡಲಿಲ್ಲ. ನಿಮ್ಮ ಬೆರಳೂ ತಪ್ಪು ಒತ್ತಲಿಲ್ಲ. ತಪ್ಪು ಜಾಗ ಕಳಿಸಿದವಳು ನಾನು — ಗೊತ್ತಿದ್ದೂ, ಬೇಕಂತಲೇ. ನೀವು ಹೊತ್ತಿಗೆ ಸರಿಯಾಗಿ ಬರಬಾರದು, ಸೋದರಮಾವ ಎಂದು ಮದುಮಗಳ ಕೈ ಹಿಡಿದು ಹಸೆಮಣೆಗೆ ಕರೆತರುವ ಮರ್ಯಾದೆ ನಿಮಗೆ ಸಿಗಬಾರದು — ನನಗೆ ಬೇಕಾಗಿದ್ದು ಅಷ್ಟೇ. ಅಂದುಕೊಂಡಂತೆಯೇ ಆಯಿತು.

ಇದನ್ನು ಹೇಳುತ್ತಿದ್ದೇನೆಂದು ನಿಮ್ಮ ಮೇಲೆ ಪ್ರೀತಿ ಉಕ್ಕಿದೆ ಎಂದುಕೊಳ್ಳಬೇಡಿ. ನೀವೆಂದರೆ ಇವತ್ತಿಗೂ ನನಗೆ ಆಗುವುದಿಲ್ಲ. ನಿಮ್ಮ ಆ ನಿಧಾನದ ಮಾತು, ಎಲ್ಲ ಬಲ್ಲವರ ನಗು, ಮಾತೆತ್ತಿದರೆ ಕಾರಿನ ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆಯುತ್ತಿದ್ದ ಆ ಕಾಗದದ ಕಟ್ಟು — ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಕಟ್ಟು! ಯಾರ ಮನೆಯ ಲಗ್ನಪತ್ರಿಕೆ ಬಂದರೂ ಅದರ ಹಿಂದೆ ಅಚ್ಚು ಹಾಕಿಸಿದ ದಾರಿಯ ನಕ್ಷೆಯನ್ನು ಕತ್ತರಿಸಿ, ತೂತು ಮಾಡಿ, ದಾರಕ್ಕೆ ಪೋಣಿಸಿ ಇಟ್ಟುಕೊಳ್ಳುತ್ತಿದ್ದಿರಿ. ಬಸ್ ಸ್ಟ್ಯಾಂಡ್, ರೈಲ್ವೆ ಗೇಟ್, ಗುಡಿ, ನೀರಿನ ಟ್ಯಾಂಕು, ಅಲ್ಲಿಂದ ಎಡಕ್ಕೆ ಒಂದು ಬಾಣದ ಗುರುತು. ದಾವಣಗೆರೆಯ ಒಂದೊಂದು ಕಲ್ಯಾಣ ಮಂಟಪವೂ ಅದರಲ್ಲಿತ್ತು. ಮಾಯಕೊಂಡದಲ್ಲಿ ಕೂತ ಮನುಷ್ಯ, ದಾವಣಗೆರೆಯ ನಿಟ್ಟುವಳ್ಳಿಯಲ್ಲೇ ಹುಟ್ಟಿ ಬೆಳೆದ ನಮಗೆ ನಮ್ಮ ಊರಿನ ದಾರಿ ಹೇಳಿಕೊಡುವುದು ಎಂದರೆ — ಸಹಿಸಿಕೊಳ್ಳುವುದು ಹೇಗೆ?

ನನ್ನ ಮಗ ಪ್ರವೀಣ ಟ್ಯಾಕ್ಸಿ ಓಡಿಸುತ್ತಾನೆ, ಫೋನಿನ ಮ್ಯಾಪು ನೋಡಿಕೊಂಡು ಓಡಿಸುತ್ತಾನೆ. ಈಗಿನ ಹುಡುಗರೆಲ್ಲ ಹಾಗೆಯೇ. ಒಮ್ಮೆ ನಿಮ್ಮನ್ನು ಕೆ.ಬಿ. ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಆ ಮ್ಯಾಪು ಅವನನ್ನು ಚರಂಡಿಗೆಂದು ಅಗೆದುಹಾಕಿದ ಓಣಿಗೆ ನುಗ್ಗಿಸಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ನೀವು ಅವನನ್ನು ಪಕ್ಕಕ್ಕೆ ಕೂರಿಸಿ, ನೀವೇ ಸ್ಟೇರಿಂಗ್ ಹಿಡಿದು ಗಾಡಿ ಹೊರಗೆ ತಂದಿರಂತೆ. ಅಲ್ಲಿಗೆ ಮುಗಿದಿದ್ದರೆ ಮುಗಿದೇ ಹೋಗುತ್ತಿತ್ತು.

ಆದರೆ ಸಹನಾಳನ್ನು ಪ್ರವೀಣನಿಗೆ ತಂದುಕೊಳ್ಳಬೇಕೆಂಬ ಮಾತು ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಅವಳು ನನ್ನ ಅಣ್ಣನ ಮಗಳು, ನಿಮ್ಮ ತಂಗಿಯ ಮಗಳು. ನಿಮ್ಮ ತಂಗಿ ಆ ಕೂಸು ಚಿಕ್ಕದಿದ್ದಾಗಲೇ ತೀರಿಕೊಂಡಳು. ಹಾಗಾಗಿ ತಾಯಿಯ ಕಡೆಯಿಂದ ಮಾತಾಡುವವರೆಂದರೆ ನೀವೊಬ್ಬರೇ. ಅಣ್ಣ ಒಪ್ಪಿದ್ದ. ನೀವು ಎಲ್ಲರ ಮುಂದೆ, ಕಾಫಿ ಲೋಟ ಕೆಳಗಿಡುತ್ತಾ ಹೇಳಿದಿರಿ —

"ತನ್ನೂರಿನ ದಾರೀನೂ ಫೋನಿಗೆ ಕೇಳೋ ಹುಡುಗ. ಅವನ ಕೈಗೆ ನನ್ನ ತಂಗಿ ಮಗಳನ್ನ ಹೆಂಗೆ ಕೊಡಾದ್ರಿ?"

ಎಲ್ಲರೂ ನಕ್ಕರು. ಪ್ರವೀಣ ಬಾಗಿಲಲ್ಲೇ ನಿಂತಿದ್ದ. ಹಾಲಪ್ಪನವರೇ, ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಸಹನಾಳಿಗೆ ಬೇರೆ ಕಡೆ ಗಂಡು ಗೊತ್ತಾಯಿತು. ಹರಿಹರದಲ್ಲಿ ಹೊಸದಾಗಿ ಕಟ್ಟಿದ ಮಂಟಪದಲ್ಲಿ ಮದುವೆ. ತಾಯಿಯಿಲ್ಲದ ಹುಡುಗಿಯೆಂದು ಪತ್ರಿಕೆ ಅಚ್ಚು ಹಾಕಿಸುವುದರಿಂದ ಹಿಡಿದು ಎಲ್ಲವೂ ನನ್ನ ತಲೆಯ ಮೇಲೆ ಬಂತು. ಪ್ರೆಸ್ಸಿನವನು, "ಹಿಂದ್ಗಡೆ ರೂಟ್ ಮ್ಯಾಪ್ ಹಾಕ್ಲೇನಕ್ಕಾ?" ಎಂದು ಕೇಳಿದ. "ಬ್ಯಾಡ, ಸ್ಕ್ಯಾನ್ ಮಾಡೋದು ಹಾಕು ಸಾಕು," ಎಂದೆ. ನಿಮಗೆ ಆ ಕಪ್ಪುಬಿಳಿ ಚೌಕ ನೋಡಿ ಏನೂ ತಿಳಿಯುವುದಿಲ್ಲವೆಂದು ಗೊತ್ತಿತ್ತು. ನಿಮ್ಮ ಕಟ್ಟಿಗೆ ಇನ್ನೊಂದು ಹಾಳೆ ನನ್ನ ಕೈಯಾರೆ ಸೇರಬಾರದೆಂಬ ಹಟ. ಆಗ ಅಷ್ಟೇ ಇತ್ತು — ಅಥವಾ ಅಷ್ಟೇ ಇತ್ತೆಂದು ಈಗ ನನಗೆ ನಾನೇ...

ಮದುವೆಯ ಹಿಂದಿನ ಸಂಜೆ ನೀವು ಫೋನು ಮಾಡಿದಿರಿ. ವಯಸ್ಸಾದ ತಾಯಿಯನ್ನು ಮಂಟಪದಲ್ಲಿ ಮಲಗಿಸಲು ಆಗುವುದಿಲ್ಲ, ಬೆಳಿಗ್ಗೆಯೇ ಕರೆದುಕೊಂಡು ಹೊರಡುತ್ತೇನೆ, ದಾರಿ ಹೇಳಿ ಎಂದಿರಿ. ಬಾಯಲ್ಲಿ ಹೇಳಬಹುದಿತ್ತು. ನಾನು ಲೊಕೇಶನ್ ಕಳಿಸುತ್ತೇನೆ ಎಂದೆ. ಮಂಟಪದೊಳಗೇ ಕೂತಿದ್ದೆ, ನಾನಿದ್ದ ಜಾಗ ಕಳಿಸಲು ಒಂದು ಸಲ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ನಕ್ಷೆಯನ್ನು ಬೆರಳಿನಿಂದ ಸರಿಸಿದೆ — ಊರು ದಾಟಿತು, ತುಂಗಭದ್ರೆಯ ನೀಲಿ ಪಟ್ಟಿ ದಾಟಿತು, ಆಚೆ ದಡದಲ್ಲಿ ಹೆಸರಿಲ್ಲದ ಒಂದು ರಸ್ತೆ ಸಿಕ್ಕಿತು. ಅದನ್ನು ಕಳಿಸಿದೆ. ಖುಷಿಯೇ ಆಯಿತು.

ಬೆಳಿಗ್ಗೆ ಆರತಿ ತಟ್ಟೆ ಜೋಡಿಸುತ್ತಿದ್ದಾಗ ನಿಮ್ಮ ಫೋನು ಬಂತು. ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿದ್ದಿರಿ.

"ಗಿರಿಜಮ್ಮಾರ, ಇದು ಹೊಳೆ ದಾಟು ಅಂತೈತಲ್ರಿ. ಮಂಟಪ ಈ ಕಡೇನೇ ಅಲ್ಲೇನ್ರಿ?"

ಹಿಂದಿನಿಂದ ನಿಮ್ಮ ತಾಯಿಯ ದನಿಯೂ ಕೇಳಿಸಿತು. "ಹೊತ್ತಾತಲ್ಲೋ ಹಾಲಪ್ಪ, ಯಾರನ್ನಾರ ಕೇಳೋ."

ಇಲ್ಲಿಯೂ ತಿದ್ದಬಹುದಿತ್ತು. ಒಂದೇ ಮಾತು ಸಾಕಿತ್ತು. ನಾನು ಹೇಳಿದ್ದು ಇದು —

"ಯಾರನ್ನೂ ಕೇಳಬ್ಯಾಡ್ರಿ. ಫೋನ್ ಹೇಳಿದಂಗೆ ಬರ್ರಿ."

ನೀವು ಬಂದಿರಿ — ಅಲ್ಲ, ಹೋದಿರಿ. ಆಮೇಲೆ ನಿಮ್ಮ ಕರೆ ಮತ್ತೆ ಮತ್ತೆ ಬಂದಾಗ ನನ್ನ ಫೋನನ್ನು ಸೀರೆಗಳ ಚೀಲದೊಳಗೆ ತುರುಕಿದೆ. ಓಲಗದ ಸದ್ದಿನಲ್ಲಿ ಉಳಿದವರಿಗೆ ಯಾವ ಫೋನೂ ಕೇಳಿಸುವಂತಿರಲಿಲ್ಲ. ಪುರೋಹಿತರು ಸೋದರಮಾವ ಎಲ್ಲಿ ಎಂದರು, ಮುಹೂರ್ತ ಮೀರುತ್ತದೆ ಎಂದರು. ಸಹನಾ ಬಾಗಿಲ ಕಡೆಗೇ ನೋಡುತ್ತಿದ್ದಳು. ಅತ್ತೆಯ ಗಂಡನೂ ಮಾವನೇ ಅಲ್ಲವೇ ಎಂದು ನಾನೇ ನಮ್ಮ ಯಜಮಾನರನ್ನು ಮುಂದೆ ನೂಕಿದೆ. ಹುಡುಗಿ ಅವರ ಕೈ ಹಿಡಿದು ನಡೆದಳು. ಆ ಕ್ಷಣಕ್ಕಾಗಿಯೇ ನಾನು ಕಾಯುತ್ತಿದ್ದೆ ಹಾಲಪ್ಪನವರೇ, ನೋಡಿ ಕಣ್ಣು ತುಂಬಿಕೊಂಡೆ.

ನೀವು ತಾಯಿಯ ರಟ್ಟೆ ಹಿಡಿದುಕೊಂಡು ಬರುವ ಹೊತ್ತಿಗೆ ತಾಳಿ ಕಟ್ಟಿಯಾಗಿತ್ತು, ಜನ ಊಟಕ್ಕೆ ಏಳುತ್ತಿದ್ದರು. "ಮ್ಯಾಪು ಎಲ್ಲಿಗೋ ಕರಕೊಂಡು ಹೋತು," ಎಂದಿರಿ. ನಾನು ಎಲ್ಲರಿಗೂ ಕೇಳುವಂತೆ, "ಯಾಕ್ರಿ, ನಿಮ್ಮ ಕಾಗದದಾಗ ಇರ್ಲಿಲ್ಲೇನು?" ಎಂದೆ. ಈ ಸಲ ನಗು ನನ್ನ ಪಾಲಿಗೆ ಬಂತು. ಆಮೇಲೆ, ಏನಾಗಿದೆ ನೋಡುತ್ತೇನೆಂದು ನಿಮ್ಮ ಫೋನು ಇಸಿದುಕೊಂಡು, ನಾನು ಕಳಿಸಿದ್ದನ್ನು ಅಲ್ಲೇ ಅಳಿಸಿದೆ. "ಏನೇನೋ ಒತ್ತೀರಿ," ಎಂದು ವಾಪಸ್ ಕೊಟ್ಟೆ. ನೀವು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಿರಿ. "ಇರಬೌದ್ರಿ, ನಂದೇ ತಪ್ಪು," ಎಂದಿರಿ.

ಸೇತುವೆಯಿಂದ ನನಗೆ ಫೋನು ಮಾಡಿದ್ದನ್ನು ನೀವು ಯಾರ ಮುಂದೆಯೂ ಎತ್ತಲಿಲ್ಲ. ಯಾಕೆ? ಹೆಂಗಸನ್ನು ಜನರ ಮಧ್ಯೆ ನಿಲ್ಲಿಸಬಾರದೆಂದೋ? ಅಥವಾ ಆ ಫೋನು ಮಾಡಿದ್ದೇ ನಿಜವೋ ಅಲ್ಲವೋ ಎಂಬ ಅನುಮಾನ ಆಗಲೇ... ಆವತ್ತು ನಿಮ್ಮ ಮೌನ ದೊಡ್ಡಸ್ತಿಕೆಯಂತೆ ಕಂಡು ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಕಳೆದ ವಾರ ಸಹನಾ ಫೋನಿನಲ್ಲಿ ಹೇಳಿದಳು. ನೀವು ಕಾರು ಮುಟ್ಟುವುದನ್ನೇ ಬಿಟ್ಟಿದ್ದೀರಂತೆ. ಯಾರಾದರೂ ದಾರಿ ಕೇಳಿದರೆ, ನನ್ನನ್ನು ಕೇಳಬೇಡಿ ಎನ್ನುತ್ತೀರಂತೆ. ತಲೆ ಕೈಕೊಡುತ್ತಿದೆ, ಡಾಕ್ಟರಿಗೆ ತೋರಿಸಿ ಎಂದು ಮನೆಯವರಿಗೆ ನೀವೇ ಹೇಳಿದಿರಂತೆ. "ನನ್ನ ಮದುವೆ ದಿನಾನೇ ಶುರು ಆಗಿತ್ತಂತೆ ಅತ್ತೆ. ನಾನು ಸುಮ್ನೆ ಮಾವನ ಮೇಲೆ ಸಿಟ್ಟು ಮಾಡ್ಕೊಂಡೆ," ಎಂದು ಅತ್ತಳು.

ನಿಮ್ಮ ಮರ್ಯಾದೆ ಕಳೆಯಬೇಕೆಂದಿದ್ದೆ, ನಿಜ. ನಿಮ್ಮ ಬುದ್ಧಿಯ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಳ್ಳುತ್ತಿದ್ದೇನೆಂದು ತಿಳಿದಿರಲಿಲ್ಲ. ತಿಳಿದಿದ್ದರೆ ಬಿಡುತ್ತಿದ್ದೆನೇ? ಹೌದು ಎಂದು ಬರೆಯಲು ನನಗೆ ಧೈರ್ಯ ಸಾಲದು. ಆದರೆ ಈಗ ಇದು ನಿಮಗೆ ಗೊತ್ತಾಗಲೇಬೇಕು — ಆವತ್ತು ಸೇತುವೆಯ ಹತ್ತಿರ ನಿಮ್ಮ ತಲೆ ಸರಿಯಾಗಿಯೇ ಇತ್ತು. ಮಂಟಪ ಈ ಕಡೆಯೇ ಇತ್ತು. ನೀವು ಫೋನು ಮಾಡಿದ್ದೂ ನಿಜ, ನಾನು ಸುಳ್ಳು ಹೇಳಿದ್ದೂ ನಿಜ.

ನಿನ್ನೆ ಸಹನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

"ಕಾರಲ್ಲಿ ಅಜ್ಜಿ ಇರೋದು ನಿಮಗೆ ಗೊತ್ತಿತ್ತಾ ಅತ್ತೆ?"

ಮಗಳ ಮಗಳ ಧಾರೆ ಕಣ್ಣಾರೆ ನೋಡಬೇಕೆಂದು ಆ ವಯಸ್ಸಿನಲ್ಲಿ ಕಾರು ಹತ್ತಿದ್ದವರು ನಿಮ್ಮ ತಾಯಿ. ಈಗ ಅವರಿಲ್ಲ. ಗೊತ್ತಿತ್ತು ಎಂದೆ. ಸಹನಾ ಫೋನು ಇಟ್ಟುಬಿಟ್ಟಳು. ಆಮೇಲೆ ನಾನು ಮಾಡಿದರೆ ಎತ್ತುತ್ತಿಲ್ಲ.

ಭಾನುವಾರ ಅವಳು ಮಾಯಕೊಂಡಕ್ಕೆ ಬರುತ್ತಾಳೆಂದು ಅಣ್ಣ ಹೇಳಿದ. ನಾನು ಬರುವುದಿಲ್ಲ, ಬಂದರೆ ನೀವು ಎದ್ದು ನಿಂತು, ಕೂತುಕೊಳ್ಳಿ ಎಂದು ಮರ್ಯಾದೆ ಕೊಡುತ್ತೀರಿ, ಅದು ನನಗೆ ಬೇಡ. ಅವಳ ಮುಂದೆ ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈಯಿರಿ. ಆ ಮಾತು ಸುತ್ತಿ ಬಳಸಿ ನನ್ನ ಕಿವಿಗೆ ಬಿದ್ದರೂ, ಒಂದನ್ನೂ ನಾನು ಸುಳ್ಳೆನ್ನುವುದಿಲ್ಲ.